ಕೆರೆಯ ತಳದ ಕೆಸರು, ಹೃದಯದ ತಳದ ಕಿಲುಬು

ಜ್ಞಾನವನ್ನು ಅರಸಿ ಹೊರಟವನ ಹಿರಿಮೆಯನ್ನು ತಿಳಿಸುವ ಒಂದು ಹದೀಸನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿದ್ದೇವೆ. ಹಝ್ರತ್ ಅಬುದ್ದರ್ದಾ(ರ) ವರದಿ ಮಾಡಿರುವ ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಆಕಾಶಗಳಲ್ಲಿರುವವರೂ ಭೂಮಿಯಲ್ಲಿರುವವರೂ ವಿದ್ವಾಂಸನಿಗಾಗಿ ಕ್ಷಮೆ ಬೇಡುತ್ತಾರೆ, ನೀರಿನಾಳದ ಮೀನುಗಳೂ ಬೇಡುತ್ತವೆ ಎಂದು ಪ್ರವಾದಿವರ್ಯರು(ಸ) ಅದರಲ್ಲಿ ತಿಳಿಸಿದ್ದಾರೆ. ಮೀನಿಗೂ ಜ್ಞಾನಿಗೂ ಏನು ನಂಟು? ಪ್ರಾಣಿಗಳೊಡನೆ ಹೇಗೆ ನಡೆದುಕೊಳ್ಳಬೇಕು, ಯಾವುದನ್ನು ಹೇಗೆ ತಿನ್ನಬೇಕು, ಯಾವುದಕ್ಕೆ ಹಿಂಸೆ ಕೊಡಬಾರದು ಎಂಬುದನ್ನು ಜನರಿಗೆ ಕಲಿಸುವವನು ಜ್ಞಾನಿಯೇ. ಆದ್ದರಿಂದ ಅವನ ಜ್ಞಾನದ ಪ್ರಯೋಜನ ಮೂಕಜೀವಿಗಳಿಗೂ ತಲುಪುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಪ್ರಿಯ ಓದುಗರೇ, ಇಲ್ಲಿ ನಮ್ಮನ್ನು ಕಾಡಬೇಕಾದ ಒಂದು ಪ್ರಶ್ನೆಯಿದೆ. ನಮ್ಮ ಪರವಾಗಿ ದುಆ ಮಾಡುವ ಆ ಜೀವಿಗಳಿಗೆ ನಮ್ಮಿಂದ ಏನು ತಲುಪುತ್ತಿದೆ? ಜ್ಞಾನದ ಫಲ ತಲುಪುತ್ತಿದೆಯೇ, ಅಥವಾ ಚರಂಡಿಯ ಕೊಳೆ ತಲುಪುತ್ತಿದೆಯೇ?

ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ

ಜೀವವಿರುವ ಪ್ರತಿಯೊಂದು ವಸ್ತುವನ್ನೂ ನೀರಿನಿಂದ ಉಂಟುಮಾಡಿದೆವೆಂದು ಅಲ್ಲಾಹನು ಪವಿತ್ರ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯದ 30ನೆಯ ವಚನದಲ್ಲಿ ತಿಳಿಸಿದ್ದಾನೆ. ಅನ್ನಹ್ಲ್ ಅಧ್ಯಾಯದಲ್ಲಿ ನೀರಿನಿಂದ ದೊರೆಯುವ ತಾಜಾ ಮಾಂಸವನ್ನು ತನ್ನ ಅನುಗ್ರಹಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಮೀನಿನ ವಿಷಯದಲ್ಲಿ ನಮ್ಮ ಶರೀಅತ್ ತೋರಿದ ಸಡಿಲಿಕೆಯನ್ನು ಗಮನಿಸಿರಿ. ಕುರಿ, ಕೋಳಿಗಳಿಗೆ ಝಬಹ್ ಕಡ್ಡಾಯ. ಮೀನಿಗೆ ಅದೂ ಬೇಡ. ಬಡವನೊಬ್ಬ ಬಲೆ ಬೀಸಿ ಹಿಡಿದ ಮೀನು ನೇರವಾಗಿ ಅವನ ಅಡುಗೆಮನೆಗೆ ಹೋಗಬಹುದು. ಇಷ್ಟು ಸುಲಭವಾಗಿ ಹಲಾಲಾದ ಮಾಂಸ ಬೇರೊಂದಿಲ್ಲ.

ಆದರೆ ಕುರ್‌ಆನ್ ಹಲಾಲ್ ಎಂಬ ಶಬ್ದದ ಜೊತೆಗೆ ತಯ್ಯಿಬ್ ಎಂಬ ಇನ್ನೊಂದು ಶಬ್ದವನ್ನೂ ಇಟ್ಟಿದೆ. ಅಲ್ ಬಕರ ಅಧ್ಯಾಯದ 168ನೆಯ ವಚನ ಇದಕ್ಕೆ ಸಾಕ್ಷಿ. ತಯ್ಯಿಬ್ ಎಂದರೆ ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೆ ಹಿತವಾದದ್ದು. ಹೇಸಿಗೆ ತಿಂದು ಬೆಳೆದ ಪ್ರಾಣಿಗೆ ಜಲ್ಲಾಲಾ ಎನ್ನುತ್ತಾರೆ. ಅದರ ಮಾಂಸ ತಿನ್ನುವುದನ್ನೂ ಹಾಲು ಕುಡಿಯುವುದನ್ನೂ ಪ್ರವಾದಿವರ್ಯರು(ಸ) ತಡೆದಿದ್ದಾರೆಂದು ಹಝ್ರತ್ ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಅಂತಹ ಪ್ರಾಣಿಯನ್ನು ಕೆಲವು ದಿನ ಕಟ್ಟಿಹಾಕಿ, ಶುದ್ಧ ಮೇವು ಕೊಟ್ಟು, ಆಮೇಲೆ ಉಪಯೋಗಿಸಬೇಕೆಂದು ಫುಕಹಾಗಳು ಬರೆದಿದ್ದಾರೆ. ಹಾಗಾದರೆ ಊರಿನ ಚರಂಡಿ ಸೇರುವ ಕೆರೆಯಲ್ಲಿ, ಹೇಸಿಗೆಯನ್ನೇ ಮೇಯ್ದು ಬೆಳೆದ ಮೀನನ್ನು ನಾವು ಯಾವ ದೃಷ್ಟಿಯಿಂದ ನೋಡಬೇಕು? ಸಂತೆಯಲ್ಲಿ ಕಿವಿರು ಕೆಂಪಗಿದೆಯೇ ಎಂದು ನೋಡುವ ನಾವು, ಅದು ಯಾವ ಕೆರೆಯದು ಎಂದು ಎಂದಾದರೂ ಕೇಳಿದ್ದೇವೆಯೇ?

ವಿಷ ಕೂತಿರುವುದು ತಳದಲ್ಲಿ

ಕೆರೆಯ ನೀರು ಮೇಲೆ ತಿಳಿಯಾಗಿ ಕಂಡರೆ ಕೆರೆ ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ. ವಾಸ್ತವ ಹಾಗಿಲ್ಲ. ಚರಂಡಿಯಿಂದ ಬಂದ ಕೊಳೆ, ಸಾಬೂನಿನ ರಂಜಕ, ಗ್ಯಾರೇಜಿನ ಎಣ್ಣೆ, ಬ್ಯಾಟರಿಯ ಸೀಸ, ಕಾರ್ಖಾನೆಯ ಕ್ರೋಮಿಯಂ, ಪಾದರಸ ಇವೆಲ್ಲ ಮಣ್ಣಿನ ಕಣಗಳಿಗೆ ಅಂಟಿಕೊಂಡು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ವರ್ಷ ವರ್ಷವೂ ಒಂದು ಪದರ. ಸೊಪ್ಪು ಸದೆ ಕೊಳೆತು ಗೊಬ್ಬರವಾಗುತ್ತದೆ. ಆದರೆ ಸೀಸ ಕೊಳೆಯುವುದಿಲ್ಲ, ಪಾದರಸವೂ ಕೊಳೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಸುರಿದದ್ದು ಇಂದಿಗೂ ಅಲ್ಲೇ ಇರುತ್ತದೆ.

ನಮ್ಮ ಕೆರೆಗಳಿಗೆ ಬಿಡುವ ಮೀನುಮರಿಗಳನ್ನೇ ನೋಡಿರಿ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುಪದರದಲ್ಲಿ ಮೇಯುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಗೆಂಡೆಯಂತೂ ಕೆಸರನ್ನು ಕೆದಕಿ ಬಾಯಲ್ಲಿ ತುಂಬಿಕೊಂಡು ಅದರಲ್ಲಿನ ಹುಳುಗಳನ್ನು ತಿನ್ನುತ್ತದೆ. ತಳದಲ್ಲಿ ವಿಷವಿದ್ದರೆ ಅದು ಮೊದಲು ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ನಮ್ಮ ಮಕ್ಕಳ ತಟ್ಟೆಗೆ ಬರುತ್ತದೆ. ಪಾದರಸವು ಮೀನಿನ ಮಾಂಸದೊಳಗೇ ಸೇರಿಕೊಳ್ಳುವುದರಿಂದ ಎಷ್ಟು ತೊಳೆದರೂ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಕೊಳಚೆಯ ಕೆಸರು ಇನ್ನೊಂದು ರೀತಿಯಲ್ಲೂ ಮೀನನ್ನು ಕೊಲ್ಲುತ್ತದೆ. ಅದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಕಾದಾಗ, ಇಲ್ಲವೇ ಮೊದಲ ಮಳೆಯ ರಭಸಕ್ಕೆ ತಳ ಕದಡಿದಾಗ, ಮೀನುಗಳಿಗೆ ಉಸಿರೇ ಸಿಗದಂತಾಗುತ್ತದೆ. ಫಜ್ರ್ ನಮಾಝಿನ ಹೊತ್ತಿಗೆ ಕೆರೆಯ ಕಡೆ ಹೋದವರು, ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆತೆರೆದು ಒದ್ದಾಡುವುದನ್ನು ಕಂಡಿದ್ದರೆ ಅದರ ಕಾರಣ ಹೆಚ್ಚಾಗಿ ಇದೇ.

2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದದ್ದೇ ಅದಕ್ಕೆ ಕಾರಣವಾಗಿತ್ತು. ಅದೇ ನಗರದ, ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ಕಥೆ ಇನ್ನೂ ಘೋರ. ಅಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಆ ಕೆರೆಗೆ ಬೆಂಕಿಯೇ ಬಿತ್ತು. ನೀರಿಗೆ ಬೆಂಕಿ ಬೀಳುವುದೆಂದರೇನು! ಅಲ್ಲಿನ ಹೂಳಿನಲ್ಲಿ ಭಾರಲೋಹಗಳಿರುವುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಮಧ್ಯೆ ಪ್ರವೇಶಿಸಿ, ಕೆರೆಯನ್ನು ಸರಿಪಡಿಸಲು 500 ಕೋಟಿ ರೂಪಾಯಿ ತೆಗೆದಿಡುವಂತೆ 2018ರ ಡಿಸೆಂಬರಿನಲ್ಲಿ ರಾಜ್ಯ ಸರಕಾರಕ್ಕೆ ಆದೇಶಿಸಿತು. ಒಂದು ಕಾಲದಲ್ಲಿ ಬೆಸ್ತರು ಬಲೆ ಬೀಸುತ್ತಿದ್ದ, ಹಳ್ಳಿಗರು ಗದ್ದೆಗೆ ನೀರು ಹಾಯಿಸುತ್ತಿದ್ದ ಕೆರೆಯದು. ಅಲ್ಲಾಹನು ಉಚಿತವಾಗಿ ಕೊಟ್ಟದ್ದನ್ನು ಕೆಡಿಸಿ, ಅದನ್ನು ಮರಳಿ ಪಡೆಯಲು ಕೋಟಿ ಕೋಟಿ ಸುರಿಯುವ ಸ್ಥಿತಿ ಬಂತು. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಜಲದಲ್ಲೂ ಕೇಡು ಪ್ರಕಟವಾಗಿದೆ, ಅವರು ಮರಳಿ ಬರಲೆಂದು ಅವರ ಕೃತ್ಯಗಳ ರುಚಿಯನ್ನು ಸ್ವಲ್ಪ ಅವರಿಗೆ ಉಣಿಸಲಾಗುತ್ತದೆ ಎಂಬ ಅರ್ಥದ ಅರ್ರೂಮ್ ಅಧ್ಯಾಯದ 41ನೆಯ ವಚನಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ಇದು ಬೆಂಗಳೂರಿನವರ ಮಾತಲ್ಲವೇ?

ಹೊಸದುರ್ಗ ತಾಲೂಕಿನ ನಮ್ಮ ಶ್ರೀರಾಂಪುರದಲ್ಲಿ ಕೂತು ಇದನ್ನೆಲ್ಲ ಏಕೆ ಮಾತಾಡಬೇಕು ಎಂದು ಯಾರಾದರೂ ಕೇಳಬಹುದು. ನಮ್ಮದು ಬಯಲುಸೀಮೆ. ಮಳೆ ಕಡಿಮೆ. ಕೆರೆ ತುಂಬುವ ವರ್ಷಗಳನ್ನು ಬೆರಳಲ್ಲಿ ಎಣಿಸಬಹುದು. ಆದ್ದರಿಂದಲೇ ಇಲ್ಲಿ ಎಚ್ಚರ ಹೆಚ್ಚು ಬೇಕು. ಸದಾ ಹರಿಯುವ ನೀರಿನಲ್ಲಿ ಕೊಳೆ ಕೊಚ್ಚಿಕೊಂಡು ಹೋಗುತ್ತದೆ. ನಿಂತ ನೀರಿನಲ್ಲಿ ಅದು ಉಳಿಯುತ್ತದೆ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದು ಪ್ರವಾದಿವರ್ಯರು(ಸ) ವಿಶೇಷವಾಗಿ ತಡೆದಿರುವುದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಒಬ್ಬ ಮನುಷ್ಯನ ಮೂತ್ರಕ್ಕೇ ಈ ಆಜ್ಞೆಯಾದರೆ, ಇಡೀ ಊರಿನ ಮೋರಿಯನ್ನು ಕೆರೆಗೆ ತಿರುಗಿಸುವುದಕ್ಕೆ ಏನನ್ನೋಣ?

ನಮ್ಮ ತಾಲೂಕಿನ ನೀರೆಲ್ಲ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನೂ ನೆನೆಯಬೇಕು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾವತಿಯು ಕಡೂರು, ಹೊಸದುರ್ಗಗಳನ್ನು ಹಾದು ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಸೇರುತ್ತದೆ. 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಅಂದು ಜಾತಿ ಮತದ ಭೇದವಿಲ್ಲದೆ ಜನರು ತಂಡತಂಡವಾಗಿ ನೋಡಲು ಹೋದರು. ಎರಡು ತಲೆಮಾರು ಕಾದು ಪಡೆದ ನೀರು! ಅದಕ್ಕೆ ನಮ್ಮ ಹಳ್ಳಕೊಳ್ಳಗಳ ಮೂಲಕ ನಾವು ಏನನ್ನು ಕಳಿಸುತ್ತಿದ್ದೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಅಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ, ಆ ಮೀನನ್ನು ತಂದು ಮಾರುವವರಲ್ಲಿ ನಮ್ಮವರೂ ಇದ್ದಾರೆ.

ಈಗ ನಮ್ಮ ಮನೆಯ ಬಾಗಿಲಿಗೇ ಬರೋಣ. ನಮ್ಮ ಸಮುದಾಯದಲ್ಲಿ ಬಹಳ ಮಂದಿ ಹಲಾಲ್ ದುಡಿಮೆಯಿಂದ ಬದುಕುತ್ತಿದ್ದಾರೆ. ಗ್ಯಾರೇಜು, ಗುಜರಿ, ಬ್ಯಾಟರಿ ರಿಪೇರಿ, ವೆಲ್ಡಿಂಗ್, ಕೋಳಿ ಅಂಗಡಿ, ಮಾಂಸದ ಅಂಗಡಿ, ಚರ್ಮದ ವ್ಯಾಪಾರ. ಇವು ಗೌರವದ ವೃತ್ತಿಗಳು. ಆದರೆ ಹಳೆಯ ಬ್ಯಾಟರಿಯನ್ನು ಒಡೆದು ಆಸಿಡ್ ನೀರನ್ನು ಮೋರಿಗೆ ಚೆಲ್ಲಿದರೆ ಅದರೊಡನೆ ಸೀಸವೂ ಹೋಗುತ್ತದೆ. ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಲೋಹವದು. ಗಾಡಿಯಿಂದ ಇಳಿಸಿದ ಕಪ್ಪು ಆಯಿಲನ್ನು ಚರಂಡಿಗೆ ಬಿಟ್ಟರೆ ಮುಂದಿನ ಮಳೆಗೆ ಅದು ಕೆರೆಯಲ್ಲಿ. ಕೋಳಿಯ ಪುಕ್ಕ, ಕರುಳುಗಳನ್ನು ಚೀಲದಲ್ಲಿ ಕಟ್ಟಿ ರಾತ್ರಿ ಹೊತ್ತು ಕೆರೆಯಂಗಳಕ್ಕೆ ಎಸೆದರೆ ಬೆಳಿಗ್ಗೆ ನೋಡುವವರು ಯಾರ ಹೆಸರು ಹೇಳುತ್ತಾರೆ? ಬಕ್ರೀದಿನ ದಿನ ಅಲ್ಲಾಹನ ಸಾಮೀಪ್ಯಕ್ಕಾಗಿ ಕುರ್ಬಾನಿ ಕೊಟ್ಟು, ಅದರ ಕರುಳು ಸಗಣಿಯನ್ನು ನೆರೆಯವರು ನೀರು ತರುವ ಜಾಗದಲ್ಲಿ ಸುರಿದರೆ ಅದು ಯಾವ ಸಾಮೀಪ್ಯ? ಜನರು ನೀರು ತುಂಬುವ ಎಡೆ, ನಡೆಯುವ ದಾರಿ, ಕೂರುವ ನೆರಳು ಈ ಮೂರನ್ನು ಹೊಲಸು ಮಾಡುವುದು ಶಾಪಕ್ಕೆ ಗುರಿ ಮಾಡುವ ಕೆಲಸವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಇತರರು ಮಾಡುವುದಿಲ್ಲವೇ ಎಂದು ಕೇಳಬೇಡಿರಿ. ಮಾಡುತ್ತಾರೆ. ಆದರೆ ಪರಲೋಕದಲ್ಲಿ ನಮ್ಮ ಕರ್ಮಪತ್ರವನ್ನು ನಮ್ಮ ಕೈಗೇ ಕೊಡಲಾಗುತ್ತದೆ, ನೆರೆಯವನ ಪತ್ರವನ್ನಲ್ಲ.

ಕೆರೆಗೂ ಒಂದು ತೌಬಾ

ಪಾಪ ಮಾಡಿದಾಗ ಹೃದಯದ ಮೇಲೊಂದು ಕಪ್ಪು ಚುಕ್ಕೆ ಬೀಳುತ್ತದೆ. ತೌಬಾ ಮಾಡಿದರೆ ಅದು ಅಳಿಯುತ್ತದೆ, ಮಾಡದಿದ್ದರೆ ಚುಕ್ಕೆಗಳು ಬೆಳೆದು ಹೃದಯವನ್ನೇ ಆವರಿಸುತ್ತವೆ. ಅಲ್ ಮುತಫ್ಫಿಫೀನ್ ಅಧ್ಯಾಯದಲ್ಲಿ ಹೇಳಿದ ಕಿಲುಬು ಇದೇ ಎಂದು ಪ್ರವಾದಿವರ್ಯರು(ಸ) ವಿವರಿಸಿರುವುದು ತಿರ್ಮಿದಿಯಲ್ಲಿದೆ. ಕೆರೆಯ ತಳದ ಕೆಸರಿಗೂ ಈ ಕಿಲುಬಿಗೂ ಎಷ್ಟು ಹೋಲಿಕೆ! ಎರಡೂ ಪದರ ಪದರವಾಗಿ ಕೂರುತ್ತವೆ. ಎರಡೂ ಹೊರಗಿನವರಿಗೆ ಕಾಣುವುದಿಲ್ಲ. ಎರಡೂ ಒಳಗಿನ ಜೀವವನ್ನು ಉಸಿರುಗಟ್ಟಿಸುತ್ತವೆ.

ಪರಿಹಾರದಲ್ಲೂ ಹೋಲಿಕೆಯಿದೆ. ತೌಬಾಕ್ಕೆ ಮೂರು ಷರತ್ತುಗಳಿವೆ ಎಂದು ಇಮಾಂ ನವವಿ(ರ) ತಮ್ಮ ರಿಯಾಝುಸ್ಸಾಲಿಹೀನ್ ಗ್ರಂಥದಲ್ಲಿ ತಿಳಿಸಿದ್ದಾರೆ. ಪಾಪವನ್ನು ಕೂಡಲೇ ನಿಲ್ಲಿಸಬೇಕು. ಮಾಡಿದ್ದಕ್ಕೆ ಪಶ್ಚಾತ್ತಾಪ ಪಡಬೇಕು. ಮತ್ತೆಂದೂ ಮಾಡುವುದಿಲ್ಲವೆಂದು ನಿರ್ಧರಿಸಬೇಕು. ಇನ್ನೊಬ್ಬರ ಹಕ್ಕಿನ ವಿಷಯವಾಗಿದ್ದರೆ ನಾಲ್ಕನೆಯ ಷರತ್ತೂ ಇದೆ, ಆ ಹಕ್ಕನ್ನು ಅವರಿಗೆ ಮರಳಿಸಬೇಕು.

ಮೊದಲನೆಯದು ನಿಲ್ಲಿಸುವುದು. ಕೊಳಚೆಯ ಮೋರಿ ಕೆರೆಗೆ ಬೀಳುತ್ತಿರುವಾಗಲೇ ಹೂಳು ತೆಗೆದರೆ, ಒಂದು ಕಡೆ ಇಸ್ತಿಗ್ಫಾರ್ ಹೇಳುತ್ತಾ ಇನ್ನೊಂದು ಕಡೆ ಬಡ್ಡಿ ತಿನ್ನುವವನಂತಾಗುತ್ತದೆ. ಬೆಳ್ಳಂದೂರಿನಲ್ಲೂ ಹೂಳೆತ್ತುವುದಕ್ಕೆ ಮುಂಚೆ ಒಳಬರುವ ಕೊಳಚೆ ನೀರನ್ನು ಬದಿಯ ಕಾಲುವೆಗೆ ತಿರುಗಿಸಿ, ಕೆರೆಯ ತಳ ಒಣಗುವಂತೆ ಮಾಡಬೇಕಾಯಿತು.

ಆದರೆ ನಿಲ್ಲಿಸಿದರಷ್ಟೇ ಸಾಲದು. ಇದಕ್ಕೆ ಜಪಾನಿನ ಮಿನಮಾಟಾ ಎಂಬ ಊರು ಸಾಕ್ಷಿ. ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಮೀನುಗಾರರ ಮನೆಗಳಲ್ಲಿ ಕೈಕಾಲು ನಡುಗುವ, ಮಾತು ಕಳೆದುಕೊಂಡ ಜನ. ತಾಯಿಯ ಗರ್ಭದಲ್ಲೇ ವಿಷ ತಾಗಿ ಹುಟ್ಟಿದ ಮಕ್ಕಳು. ಆ ವಿಧಾನದ ತಯಾರಿಕೆ ನಿಂತದ್ದು 1968ರಲ್ಲಿ. ಅಲ್ಲಿಗೆ ಮುಗಿಯಿತೇ? ಇಲ್ಲ. ವಿಷ ತಳದ ಕೆಸರಿನಲ್ಲಿ ಕೂತಿತ್ತು. ಕೊಲ್ಲಿಯ ಮೀನು ಹೊರಗೆ ಹೋಗದಂತೆ 1974ರಲ್ಲಿ ಬಲೆಯ ಬೇಲಿ ಕಟ್ಟಿದರು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ಎತ್ತಿ, ಸುಭದ್ರವಾದ ಒಡ್ಡುಗಳ ಒಳಗೆ ತುಂಬಿ, ಮೇಲೆ ಶುದ್ಧ ಮಣ್ಣು ಮುಚ್ಚಿದರು. ಮೀನು ತಿನ್ನಲು ಯೋಗ್ಯವೆಂದು ಸಾರಿ ಆ ಬಲೆಯನ್ನು ತೆಗೆದದ್ದು 1997ರಲ್ಲಿ. ಸುರಿಯುವುದು ಒಂದು ಗಳಿಗೆಯ ಕೆಲಸ, ತೆಗೆಯುವುದು ಒಂದು ತಲೆಮಾರಿನ ಕೆಲಸ.

ಎತ್ತಿದ ಹೂಳನ್ನು ಎಲ್ಲಿ ಹಾಕುವುದು?

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಸೀಮೆಯ ರೈತರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಯಲ್ಲಿ ಹೇರಿ ಹೊಲ, ತೋಟಗಳಿಗೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಬರೀ ಹೊಲದ ಮಣ್ಣು ಹರಿದು ಬಂದ ಕೆರೆಯಾದರೆ ಆ ಗೋಡು ಅಲ್ಲಾಹನ ಬರಕತ್. ಆದರೆ ಪೇಟೆಯ ಮೋರಿ, ಗ್ಯಾರೇಜು ಸಾಲು ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಅದೇ ಗೋಡು ವಿಷವಾಗಿರಬಹುದು. ಅದನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಿದರೆ ಮೀನಿನ ವಿಷವನ್ನು ಸೊಪ್ಪಿಗೂ ಮೇವಿಗೂ ದಾಟಿಸಿದಂತೆ. ಗುತ್ತಿಗೆದಾರನೊಬ್ಬ ರಾತ್ರೋರಾತ್ರಿ ಬಡವನ ಜಮೀನಿನ ಪಕ್ಕದಲ್ಲಿ ಸುರಿದು ಹೋದರೆ ಕೆರೆ ಶುದ್ಧವಾಯಿತು, ಅನ್ಯಾಯ ಮಾತ್ರ ಜಾಗ ಬದಲಿಸಿತು. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬ ಪ್ರವಾದಿವರ್ಯರ(ಸ) ಆದೇಶವನ್ನು ಫುಕಹಾಗಳು ಶರೀಅತ್ತಿನ ಮೂಲಸೂತ್ರಗಳಲ್ಲಿ ಒಂದಾಗಿ ಸ್ವೀಕರಿಸಿದ್ದಾರೆ. ಒಂದು ಹಾನಿಯನ್ನು ಅಂಥದ್ದೇ ಇನ್ನೊಂದು ಹಾನಿಯಿಂದ ನಿವಾರಿಸಬಾರದು ಎಂಬುದೂ ಅದರಿಂದಲೇ ಹೊರಟ ಸೂತ್ರ.

ಆದ್ದರಿಂದ ಕೆರೆಯ ಹೂಳೆತ್ತುವ ಕೆಲಸ ಬಂದಾಗ ಮೂರು ಮಾತು ಕೇಳಿರಿ. ಒಳಬರುವ ಕೊಳಚೆಯನ್ನು ನಿಲ್ಲಿಸಿದ್ದೀರಾ? ಹೂಳಿನ ಮಾದರಿಯಲ್ಲಿ ಸೀಸ, ಕ್ರೋಮಿಯಂ, ಪಾದರಸಗಳ ಪರೀಕ್ಷೆ ಆಗಿದೆಯೇ? ಎತ್ತಿದ್ದನ್ನು ಎಲ್ಲಿ ಹಾಕುತ್ತೀರಿ? ನೀರಿನಲ್ಲಿ ಮೀನಿದ್ದರೆ ನಾಲ್ಕನೆಯ ಮಾತೂ ಇದೆ. ತಳ ಕದಡುವ ಮೊದಲು ಅವುಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ಏರ್ಪಾಡು ಇದೆಯೇ? ಮೀನಿನ ಹಕ್ಕನ್ನು ಹರಾಜಿನಲ್ಲಿ ಹಿಡಿದ ಬಡವನಿಗೆ ಆಗುವ ನಷ್ಟವನ್ನು ಯಾರು ತುಂಬುತ್ತಾರೆ? ತೌಬಾದ ನಾಲ್ಕನೆಯ ಷರತ್ತು ಇಲ್ಲೇ ಅನ್ವಯಿಸುತ್ತದೆ.

ಸುಮ್ಮನಿದ್ದವರ ಗತಿ

ಇದು ಪಂಚಾಯಿತಿಯ ಕೆಲಸ, ಸರಕಾರದ ಕೆಲಸ, ನಮಗೇಕೆ ಎನ್ನುವವರಿಗೆ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಒಂದು ಪಾಠವಿದೆ. ಅದೂ ಮೀನಿನ ಕಥೆಯೇ. ಕಡಲ ತೀರದ ಒಂದು ಊರಿನವರಿಗೆ ಸಬ್ಬತ್ ದಿನ ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಅಂದೇ ಮೀನುಗಳು ನೀರಿನ ಮೇಲೆ ಎದ್ದು ಬರುತ್ತಿದ್ದವು. ಒಂದು ಗುಂಪು ಆಜ್ಞೆ ಮೀರಿತು. ಒಂದು ಗುಂಪು ತಡೆಯಿತು. ಮೂರನೆಯದು, ಅಲ್ಲಾಹನು ಹೇಗೂ ಶಿಕ್ಷಿಸಲಿರುವ ಜನರಿಗೆ ಉಪದೇಶವೇಕೆ ಎಂದು ತಡೆಯುವವರನ್ನೇ ಪ್ರಶ್ನಿಸಿತು. ನಮ್ಮ ಪ್ರಭುವಿನ ಮುಂದೆ ನಮಗೊಂದು ಉತ್ತರವಿರಲಿ, ಅವರು ತಿದ್ದಿಕೊಳ್ಳಲೂಬಹುದು ಎಂಬುದು ತಡೆದವರ ಸಮಾಧಾನವಾಗಿತ್ತು. ಶಿಕ್ಷೆ ಬಂದಾಗ ಕುರ್‌ಆನ್ ಸ್ಪಷ್ಟವಾಗಿ ಹೇಳಿರುವುದು, ತಡೆದವರನ್ನು ರಕ್ಷಿಸಲಾಯಿತು ಎಂದು. ಸುಮ್ಮನಿದ್ದವರ ಹೆಸರು ಅಲ್ಲಿ ಬರುವುದೇ ಇಲ್ಲ.

ಬುಖಾರಿಯಲ್ಲಿ ಬರುವ ಹಡಗಿನ ದೃಷ್ಟಾಂತವನ್ನೂ ನೆನೆಯಿರಿ. ಕೆಳ ಅಂತಸ್ತಿನವರು ನೀರಿಗಾಗಿ ಮೇಲಿನವರನ್ನು ಪದೇ ಪದೇ ತೊಂದರೆಪಡಿಸುವುದೇಕೆಂದು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಟರು. ಮೇಲಿನವರು ಅವರ ಕೈ ಹಿಡಿದರೆ ಎಲ್ಲರೂ ಉಳಿಯುತ್ತಾರೆ, ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ನನ್ನ ಅಂಗಡಿ, ನನ್ನ ಮೋರಿ ಎನ್ನುವುದೂ ಹಡಗಿನಲ್ಲಿ ತನ್ನ ಜಾಗ ಎಂದು ಕೊರೆಯುವುದೂ ಒಂದೇ.

ನಮ್ಮ ಕೆರೆ ನಮ್ಮೊಬ್ಬರದಲ್ಲ. ಅದರಲ್ಲಿ ಗೌಡರ ದನವೂ ಕುಡಿಯುತ್ತದೆ, ಗೊಲ್ಲರ ಕುರಿಯೂ ಕುಡಿಯುತ್ತದೆ, ನಮ್ಮ ಆಡೂ ಕುಡಿಯುತ್ತದೆ. ಅನ್ಯಾಯಕ್ಕೊಳಗಾದವನ ಪರ ನಿಲ್ಲಲು ಮಕ್ಕಾದ ಮುಖಂಡರು ಮಾಡಿಕೊಂಡ ಹಿಲ್ಫುಲ್ ಫುಝೂಲ್ ಎಂಬ ಒಪ್ಪಂದದಲ್ಲಿ ಪ್ರವಾದಿವರ್ಯರು(ಸ) ಪ್ರವಾದಿತ್ವಕ್ಕೆ ಮುಂಚೆ ಭಾಗವಹಿಸಿದ್ದರು. ಇಸ್ಲಾಮಿನಲ್ಲಿ ಅಂತಹ ಒಪ್ಪಂದಕ್ಕೆ ಕರೆದರೂ ಓಗೊಡುವೆನೆಂದು ಆಮೇಲೂ ಹೇಳಿದ್ದರು. ಊರಿನ ಎಲ್ಲ ಜನರೊಡನೆ ಕೂತು ಕೆರೆಯ ಮಾತಾಡಲು ಇದಕ್ಕಿಂತ ದೊಡ್ಡ ಆಧಾರ ನಮಗೆ ಬೇಡ.

ಮಾಡಬೇಕಾದದ್ದು ಬಹಳವೇನಲ್ಲ. ಮಸೀದಿಯ ಜಮಾಅತ್ ಬಕ್ರೀದಿಗೆ ವಾರ ಮುಂಚೆಯೇ ಊರ ಹೊರಗೆ, ನೀರಿನಿಂದ ದೂರ ಒಂದು ಗುಂಡಿ ತೋಡಿಸಿ, ತ್ಯಾಜ್ಯವನ್ನು ಹೂಳಿ ಸುಣ್ಣ ಹಾಕುವ ವ್ಯವಸ್ಥೆ ಮಾಡಲಿ. ಕೋಳಿ ಅಂಗಡಿಯವರು ಕೂಡಿ ಒಂದು ಗಾಡಿ ಗೊತ್ತು ಮಾಡಿಕೊಳ್ಳಲಿ. ಹಳೆಯ ಬ್ಯಾಟರಿಯನ್ನು ಒಡೆಯದೆ ಮಾರಾಟಗಾರನಿಗೋ ಪರವಾನಗಿ ಪಡೆದವರಿಗೋ ಒಪ್ಪಿಸಲಿ, 2022ರ ನಿಯಮಗಳೂ ಇದನ್ನೇ ಹೇಳುತ್ತವೆ. ಗ್ಯಾರೇಜಿನ ಎಣ್ಣೆಯನ್ನು ಡಬ್ಬದಲ್ಲಿ ಹಿಡಿದಿಟ್ಟು ಕೊಳ್ಳುವವರಿಗೆ ಕೊಡಲಿ. ಗ್ರಾಮಸಭೆಯ ದಿನ ನಮ್ಮವರು ಅಂಗಡಿಯಲ್ಲಿ ಕೂರದೆ ಹೋಗಿ, ಮೋರಿಯ ನೀರು ಕೆರೆಗೆ ಬೀಳದಂತೆ ಮಾಡಿರೆಂದು ಅರ್ಜಿ ಕೊಡಲಿ. ತಾಯಂದಿರು ಮಕ್ಕಳಿಗೆ ವುಝೂವಿನ ನೀರು ಮಿತವಾಗಿ ಬಳಸಲು ಕಲಿಸುವಾಗ, ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಲಿ. ಮದ್ರಸಾದಲ್ಲಿ ನಾವು ಕಲಿಸುವ ಫಿಕ್ಹ್ ಗ್ರಂಥಗಳ ಮೊದಲ ಅಧ್ಯಾಯವೇ ನೀರಿನದು. ಎಷ್ಟೇ ಹೆಚ್ಚು ನೀರಿದ್ದರೂ ಹೊಲಸು ಸೇರಿ ಅದರ ಬಣ್ಣ, ರುಚಿ, ವಾಸನೆಗಳಲ್ಲಿ ಒಂದು ಬದಲಾದರೂ ಅದರಿಂದ ವುಝೂ ಆಗದು ಎಂದು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಆ ಪಾಠ ಹೌಝಿನ ಕಟ್ಟೆಯಲ್ಲೇ ನಿಲ್ಲದೆ ಕೆರೆಯ ಏರಿಯವರೆಗೂ ಹೋಗಬೇಕು.

ಬಾಯಾರಿದ ನಾಯಿಗೆ ನೀರುಣಿಸಿದವನ ಪಾಪಗಳು ಕ್ಷಮಿಸಲ್ಪಟ್ಟವು. ಹಸಿ ಯಕೃತ್ತಿರುವ ಪ್ರತಿಯೊಂದು ಜೀವಿಯ ವಿಷಯದಲ್ಲೂ ಪ್ರತಿಫಲವಿದೆಯೆಂದು ನಮಗೆ ಶುಭವಾರ್ತೆ ಸಿಕ್ಕಿದೆ. ಹಾಗಿರುವಾಗ ಒಂದು ಇಡೀ ಕೆರೆಗೆ ಉಸಿರು ಮರಳಿಸಿದವನ ಪುಣ್ಯವನ್ನು ಅಳೆಯುವವರು ಯಾರು? ಅದು ಸತ್ತ ಮೇಲೂ ನಿಲ್ಲದ ಸದಕಾ ಜಾರಿಯಾ.

ಅಲ್ಲಾಹನು ನಮ್ಮ ಹೃದಯದ ಕಿಲುಬನ್ನೂ ನಮ್ಮ ಕೈಗಳು ಕೆರೆಗೆ ಸುರಿದ ಕೆಸರನ್ನೂ ತೊಳೆಯುವ ತೌಫೀಕ್ ದಯಪಾಲಿಸಲಿ. ನಮ್ಮ ಸೀಮೆಗೆ ಸಕಾಲದಲ್ಲಿ ಮಳೆ ಕರುಣಿಸಲಿ, ಆ ಮಳೆಯ ನೀರನ್ನು ಅಮಾನತ್ ಎಂದು ಕಾಯುವ ಬುದ್ಧಿ ನೀಡಲಿ. ನಮ್ಮ ಮಕ್ಕಳ ತಟ್ಟೆಗೆ ಹಲಾಲೂ ತಯ್ಯಿಬೂ ಆದ ಆಹಾರವನ್ನು ಅನುಗ್ರಹಿಸಲಿ. ಆಮೀನ್.